ಮೆರವಣಿಗೆ ಮುಗಿದ ಮೇಲೆ ಬರುವ ತೀರ್ಪು

(ಸಾಗರದಲ್ಲಿ ಕಾಲೇಜು ಹುಡುಗರು, ರೈತರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಜಿಲ್ಲೆಯವರಿಗೆ ಕಾನೂನಿನ ಬೇರೆ ಯಾವ ಸೆಕ್ಷನ್ ಗೊತ್ತಿಲ್ಲದಿದ್ದರೂ ಒಂದು ಮಾತ್ರ ಬಾಯಿಪಾಠ, ಜನ ಗುಂಪುಗೂಡದ ಹಾಗೆ ನಿಷೇಧಾಜ್ಞೆ ಹಾಕುವ ಸೆಕ್ಷನ್. 144. ಶಿವಮೊಗ್ಗದಲ್ಲಿ 2022ರ ಫೆಬ್ರವರಿಯಲ್ಲಿ ಹಾಕಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಹಾಕಿದರು. 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಗಲಾಟೆಯಾದಾಗಲೂ ಹಾಕಿದರು. "ಇವತ್ತೂ 144 ಇದೆಯಾ?" ಅಂತ ಕೇಳಿಕೊಂಡು ಪೇಟೆಗೆ ಹೊರಡುವುದು ನಮಗೆ ರೂಢಿಯಾಗಿಹೋಗಿದೆ. 2024ರ ಜುಲೈ 1ರಿಂದ ಆ ಸೆಕ್ಷನ್ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163 ಆಗಿದೆ. ನಂಬರ್ ಬದಲಾಗಿದೆ, ಒಳಗಿನ ಸರಕು ಹೆಚ್ಚುಕಡಿಮೆ ಅದೇ.

ಆ ಮೂರೂ ಸಲ ಆಜ್ಞೆ ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಲ್ಲು ಬೀಳುವ ರಸ್ತೆಯಲ್ಲಿ ಜನ ಗುಂಪುಗೂಡದ ಹಾಗೆ ನೋಡಿಕೊಳ್ಳುವುದು ಸರ್ಕಾರದ ಕೆಲಸವೇ. ನನ್ನ ತಕರಾರು ಬೇರೆ. ಗಲಭೆಗೆಂದು ಇಟ್ಟುಕೊಂಡ ಅದೇ ಕಾಗದ, ಅದೇ ಒಕ್ಕಣೆ, ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಉಳುತ್ತಾ ಬಂದ ಸರ್ಕಾರಿ) ಜಮೀನಿನ ಹಕ್ಕುಪತ್ರ ಕೇಳಿ ತಾಲ್ಲೂಕು ಕಚೇರಿ ಮುಂದೆ ಕೂತವರ ಮೇಲೂ ಬರುತ್ತದಲ್ಲ, ಅದರ ಬಗ್ಗೆ ಇವತ್ತು ಮಾತಾಡೋಣ.

ನಮ್ಮ ದೇಶದಲ್ಲಿ ಶಾಂತಿಯುತ ಪ್ರತಿಭಟನೆಯನ್ನೇ ಅಪರಾಧ ಅನ್ನುವ ಕಾನೂನು ಇಲ್ಲ. ಕೋರ್ಟುಗಳೂ ಬಹಳ ಸಲ ಪ್ರತಿಭಟನೆಯ ಪರವಾಗಿಯೇ ಬರೆದಿವೆ. ಆದರೂ ಕೂರಲು ಬಂದವರು ಪೊಲೀಸ್ ವ್ಯಾನ್ ಹತ್ತುತ್ತಾರೆ. ಯಾಕೆಂದರೆ ಆ ದಿನ ಏನಾಗಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ದಿನದ ಒಂದು ಹಾಳೆ ಕಾಗದ. ಆ ಕಾಗದ ಸರಿಯೋ ತಪ್ಪೋ ಅಂತ ತೀರ್ಪು ಬರುವ ಹೊತ್ತಿಗೆ ಮೆರವಣಿಗೆಯ ದಿನ ಕಳೆದು ತಿಂಗಳುಗಳಾಗಿರುತ್ತವೆ.

ಸಂವಿಧಾನದಿಂದಲೇ ಶುರು ಮಾಡೋಣ. 19ನೇ ವಿಧಿ ಕೊಡುವ ಹಕ್ಕುಗಳಲ್ಲಿ ಎರಡು ಇವತ್ತಿನ ಮಾತಿಗೆ ಮುಖ್ಯ. ಒಂದು ಮಾತಾಡುವ ಹಕ್ಕು. ಇನ್ನೊಂದು, ಆಯುಧ ಇಲ್ಲದೆ ಶಾಂತಿಯಿಂದ ಒಟ್ಟುಗೂಡುವ ಹಕ್ಕು. ಅದರ ಬೆನ್ನಿಗೇ, ಸಮಂಜಸವಾದ ನಿರ್ಬಂಧ ಹಾಕಬಹುದು ಅನ್ನುವ ಮಾತೂ ಇದೆ. ಈ ನಿರ್ಬಂಧದ ಕಥೆ ನಮ್ಮ ಊರಿಗೆ ಎಷ್ಟು ಹತ್ತಿರದ್ದು ಅಂತ ಬಹಳ ಜನರಿಗೆ ಗೊತ್ತಿಲ್ಲ.

ಕಾಗೋಡು ಇಲ್ಲಿಂದ ಎಷ್ಟು ದೂರ ಅಂತ ನಿಮಗೆ ಹೇಳಬೇಕಾಗಿಲ್ಲ. 1951ರ ಏಪ್ರಿಲ್ 18ರಂದು ಅಲ್ಲಿ ಸತ್ಯಾಗ್ರಹ ಶುರುವಾಯಿತು. ಸಂವಿಧಾನ ಜಾರಿಗೆ ಬಂದು ಇನ್ನೂ ಒಂದೂಕಾಲು ವರ್ಷ. ಗೇಣಿ ಅಳೆಯುವ ಕೊಳಗದ (ಅಳತೆಯ ಪಾತ್ರೆಯ) ತಕರಾರು ಬೆಳೆದು ಭೂಮಿಯ ಪ್ರಶ್ನೆಯಾಯಿತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದ್ದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಅದೇ ಜೂನ್ 18ರಂದು ದೆಹಲಿಯಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ ಎರಡು ಸಂಗತಿ ಇದ್ದವು. ಜಮೀನ್ದಾರಿ ರದ್ದು ಮಾಡುವ ಕಾನೂನುಗಳನ್ನು ಕೋರ್ಟಿನಲ್ಲಿ ಬೀಳದ ಹಾಗೆ ಕಾಪಾಡಲು ಒಂಬತ್ತನೇ ಅನುಸೂಚಿ ಬಂತು. ಉಳುವವನಿಗೆ ಇದು ಒಳ್ಳೆಯ ಸುದ್ದಿ. ಜೊತೆಗೆ, ಮಾತಿನ ಹಕ್ಕಿಗೆ ಹಾಕಬಹುದಾದ ನಿರ್ಬಂಧಗಳ ಪಟ್ಟಿಗೆ 'ಸಾರ್ವಜನಿಕ ಸುವ್ಯವಸ್ಥೆ' ಸೇರಿತು. ಒಟ್ಟುಗೂಡುವ ಹಕ್ಕಿಗೆ ಆ ಷರತ್ತು ಮೊದಲಿಂದಲೂ ಇತ್ತು, ಮಾತಿಗೆ ಇರಲಿಲ್ಲ. ಹಿಂದಿನ ವರ್ಷ, ಮದ್ರಾಸ್ ಸರ್ಕಾರ ಒಂದು ಪತ್ರಿಕೆಗೆ ಹಾಕಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ಹೊಡೆದು ಹಾಕಿತ್ತು. ಸುವ್ಯವಸ್ಥೆಯ ಹೆಸರಲ್ಲಿ ಬಾಯಿ ಮುಚ್ಚಿಸಲು ಸಂವಿಧಾನದಲ್ಲಿ ಜಾಗ ಇಲ್ಲ ಅಂದಿತ್ತು. ಸರ್ಕಾರ ಆ ಜಾಗವನ್ನೇ ಮಾಡಿಕೊಂಡಿತು. ನ್ಯಾಯವಾಗಿ ಹೇಳಬೇಕೆಂದರೆ 'ಸಮಂಜಸ' ಅನ್ನುವ ಪದವೂ ಮಾತಿನ ಹಕ್ಕಿನ ಜೊತೆ ಸೇರಿದ್ದು ಅದೇ ತಿದ್ದುಪಡಿಯಲ್ಲಿ. ಇವತ್ತು ನಾವು ವಕೀಲರು ಕೋರ್ಟಿನಲ್ಲಿ ನೇತಾಡುವುದು ಆ ಒಂದು ಪದ ಹಿಡಿದುಕೊಂಡೇ.

ಅಂದರೆ ಕಾಗೋಡಿನ ಗೇಣಿದಾರರು ಜೈಲಿಗೆ ಹೋಗುತ್ತಿದ್ದ ಹೊತ್ತಿನಲ್ಲೇ, ಭೂಮಿ ಸಿಗುವ ದಾರಿ ಒಂದಿಷ್ಟು ಅಗಲವಾಯಿತು, ಅದಕ್ಕಾಗಿ ಕೂಗುವ ದಾರಿ ಒಂದಿಷ್ಟು ಕಿರಿದಾಯಿತು. ಎರಡೂ ಒಂದೇ ಕಾಯ್ದೆಯಲ್ಲಿ. ನನಗೆ ಇದು ಯಾವಾಗಲೂ ಸೋಜಿಗ ಅನಿಸುತ್ತದೆ.

ಇನ್ನು ಆ ಒಂದು ಹಾಳೆ ಕಾಗದಕ್ಕೆ ಬರೋಣ. ನಿಷೇಧಾಜ್ಞೆ ಅಂದ ಕೂಡಲೇ ನಾವು ಹೆದರಿ ಮನೆಗೆ ಹೋಗುತ್ತೇವೆ, ಇಲ್ಲ ಸಿಟ್ಟಾಗಿ ಘೋಷಣೆ ಕೂಗುತ್ತೇವೆ. ಓದುವವರು ಕಮ್ಮಿ. ಸುಮ್ನೆ ಒಂದು ಸಲ ತರಿಸಿಕೊಂಡು ಓದಿ. ಮೊದಲು ಕೆಳಗಿನ ಸಹಿ ನೋಡಿ. ಶಿವಮೊಗ್ಗದಲ್ಲಿ ಪೊಲೀಸ್ ಕಮಿಷನರ್ ಇಲ್ಲ. ಹಾಗಾಗಿ ಇಲ್ಲಿ ಈ ಆಜ್ಞೆ ಹೊರಡಿಸಬೇಕಾದವರು ಡಿಸಿ, ಎಸಿ, ಇಲ್ಲವೇ ಅಧಿಕಾರ ಕೊಟ್ಟ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು. ಠಾಣೆಯ ಇನ್‌ಸ್ಪೆಕ್ಟರ್ ಬಾಯಲ್ಲಿ "144 ಇದೆ, ಎದ್ದೇಳಿ" ಅಂದರೆ ಅದು ಆಜ್ಞೆಯಲ್ಲ. ಆಮೇಲೆ ಅವಧಿ. ಎರಡು ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. ಮುಂದುವರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶ ಮಾಡಬೇಕು, ಅದಕ್ಕೂ ಆರು ತಿಂಗಳ ಮಿತಿ ಇದೆ. ಆಮೇಲೆ ಜಾಗ. ಇಡೀ ತಾಲ್ಲೂಕಿಗೋ, ಒಂದು ಕಚೇರಿಯ ಸುತ್ತ ನೂರು ಮೀಟರಿಗೋ?

ಎಲ್ಲಕ್ಕಿಂತ ಮುಖ್ಯ, ಕಾರಣ. ಸಾಮಾನ್ಯವಾಗಿ ಅಲ್ಲೊಂದು ಸಾಲು ಇರುತ್ತದೆ. 'ಪೊಲೀಸ್ ಇಲಾಖೆಯ ವರದಿಯನ್ನು ಪರಿಶೀಲಿಸಲಾಗಿ, ಶಾಂತಿಗೆ ಭಂಗ ಉಂಟಾಗುವ ಸಾಧ್ಯತೆ ಕಂಡುಬಂದಿರುವುದರಿಂದ' ಅಂತ. ಯಾರು ಭಂಗ ಮಾಡುತ್ತಾರೆ, ಏನು ಮಾಹಿತಿ ಬಂದಿದೆ, ಬಂದೋಬಸ್ತ್ ಹಾಕಿದರೆ ಸಾಲದೇ, ಇದಕ್ಕೆಲ್ಲ ಉತ್ತರ ಇರುವುದಿಲ್ಲ. ಹಿಂದಿನ ಸಲದ ಫೈಲ್ ತೆಗೆದು ತಾರೀಕು ಬದಲಾಯಿಸಿರುತ್ತಾರೆ. ಒಂದು ಆಜ್ಞೆಯಲ್ಲಿ ಹಳೆಯ ಗಣೇಶ ವಿಸರ್ಜನೆಯ ಪ್ಯಾರಾವೇ ಉಳಿದುಕೊಂಡಿದ್ದನ್ನು ನಾನೇ ಓದಿದ್ದೇನೆ. ತಡೆಯಲು ಹೊರಟಿದ್ದು ರೈತರ ಧರಣಿಯನ್ನು!

ಈ ಒಂದು ಸಾಲಿನ ಮೇಲೆಯೇ ನಮ್ಮ ಹೈಕೋರ್ಟಿನಲ್ಲಿ ದೊಡ್ಡ ಕೇಸು ನಡೆದಿದೆ. 2019ರ ಡಿಸೆಂಬರ್ ನೆನಪಿರಬಹುದು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಬೆಂಗಳೂರಿನಲ್ಲಿ ಪ್ರತಿಭಟನೆಗಳು ನಿಗದಿಯಾಗಿದ್ದವು. ಪೊಲೀಸರೇ ಅನುಮತಿ ಕೊಟ್ಟಿದ್ದರು. 18ರಂದು ಕಮಿಷನರ್ ನಿಷೇಧಾಜ್ಞೆ ಹೊರಡಿಸಿದರು, 19ರ ಬೆಳಿಗ್ಗೆಯಿಂದ 21ರ ಮಧ್ಯರಾತ್ರಿವರೆಗೆ. ಕೊಟ್ಟ ಅನುಮತಿ ಹೋಯಿತು. 19ರಂದು ಟೌನ್ ಹಾಲ್ ಹತ್ತಿರ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಹಿಡಿದು ಕರೆದೊಯ್ದ ದೃಶ್ಯವನ್ನು ಟಿವಿಯಲ್ಲಿ ನೀವೂ ನೋಡಿರಬಹುದು. ಕೇಸು ಹೈಕೋರ್ಟಿಗೆ ಹೋಯಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಓಕಾ. ಅವರ ಪೀಠ ಆ ಆಜ್ಞೆ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಕೆಳಗಿನ ಅಧಿಕಾರಿಗಳ ವರದಿಯನ್ನು ಎತ್ತಿ ಬರೆದರೆ ಸಾಲದು, ಸಹಿ ಮಾಡುವವರು ತಾವೇ ಯೋಚಿಸಿ ಕಾರಣ ಬರೆಯಬೇಕು ಅನ್ನುವುದು ಅದರ ತಿರುಳು.

ಒಳ್ಳೆಯ ತೀರ್ಪು, ಅಲ್ವಾ? ತಾರೀಕು ಕೇಳಿ. 2020ರ ಫೆಬ್ರವರಿ 13. ಆಜ್ಞೆ ಮುಗಿದು ಏಳು ವಾರಗಳ ಮೇಲಾಗಿತ್ತು. ಆ ಮೂರು ದಿನ ಬೀದಿಗೆ ಬರಲಾಗದವರಿಗೆ ಆ ಮೂರು ದಿನ ವಾಪಸ್ ಸಿಗಲಿಲ್ಲ. ತಪ್ಪು ಆಜ್ಞೆ ಹೊರಡಿಸಿದವರಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಕಾನೂನು ಎಷ್ಟೇ ಚೆನ್ನಾಗಿರಲಿ, ತಪ್ಪು ಮಾಡಿದವನಿಗೆ ಖರ್ಚಿಲ್ಲ ಅಂದರೆ ಅವನು ಮುಂದಿನ ಸಲವೂ ಅದನ್ನೇ ಮಾಡುತ್ತಾನೆ.

ಅದೇ ವರ್ಷ ಜನವರಿ 10ರಂದು, ಕಾಶ್ಮೀರದ ಇಂಟರ್ನೆಟ್ ಬಂದ್ ಬಗ್ಗೆ ಪತ್ರಕರ್ತೆ ಅನುರಾಧಾ ಭಾಸಿನ್ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತ್ತು. 144 ಇರುವುದು ನ್ಯಾಯವಾದ ಅಭಿಪ್ರಾಯ ಹತ್ತಿಕ್ಕಲು ಅಲ್ಲ. ಆಜ್ಞೆಯನ್ನು ಪ್ರಕಟಿಸಬೇಕು, ಬಚ್ಚಿಡುವಂತಿಲ್ಲ. ಒಂದರ ಹಿಂದೆ ಒಂದು ಅದೇ ಆಜ್ಞೆ ಹೊರಡಿಸುತ್ತಾ ಹೋದರೆ ಅದು ಅಧಿಕಾರದ ದುರುಪಯೋಗ. ಹಾಗಾಗಿ ಆಜ್ಞೆಯ ಪ್ರತಿ ಕೇಳುವುದಕ್ಕೆ ಅಂಜಬೇಡಿ. ನಿಮಗೆ ತೊಂದರೆಯಾದರೆ ಅದೇ ಮ್ಯಾಜಿಸ್ಟ್ರೇಟರ ಮುಂದೆ ಆಜ್ಞೆ ತೆಗೆಯಿರಿ ಅಂತ ಅರ್ಜಿ ಹಾಕಬಹುದು. ಅವರು ಬೇಗ ನಿಮ್ಮ ಮಾತು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. 163ರ ಒಳಗೇ ಇದು ಇದೆ. ನಮ್ಮ ಕಡೆ ಇದನ್ನು ಬಳಸುವವರೇ ಇಲ್ಲ.

ಐದು ಜನರ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ. "ಐದು ಜನ ನಿಂತರೆ ಕೇಸು" ಅಂತ ನಮ್ಮಲ್ಲಿ ಒಂದು ನಂಬಿಕೆ. ಸರಿಯಲ್ಲ. ಐದು ಅಥವಾ ಹೆಚ್ಚು ಜನರ ಕೂಟ ಅಕ್ರಮ ಆಗಬೇಕಾದರೆ ಅವರೆಲ್ಲರ ಉದ್ದೇಶ ಅಪರಾಧದ್ದಾಗಿರಬೇಕು. ಬಲ ತೋರಿಸಿ ಹೆದರಿಸುವುದು, ಆಸ್ತಿ ಹಾಳು ಮಾಡುವುದು, ಅಂಥದ್ದು. ಮನವಿ ಕೊಡಲು ಐನೂರು ಜನ ಬಂದರೂ ಅದು ಅಕ್ರಮ ಕೂಟವಲ್ಲ. ನಿಷೇಧಾಜ್ಞೆ ಇದ್ದಾಗ ಗುಂಪು ಸೇರಿದರೆ ಆಜ್ಞೆ ಮೀರಿದ ಕೇಸು ಬರಬಹುದು, ಅದು ಬೇರೆ ಸೆಕ್ಷನ್.

ಇನ್ನು ಅನುಮತಿ. ಇಲ್ಲಿ ಠಾಣೆಯ ಮೇಜಿನ ಮುಂದೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಒಂದು ಠಾಣೆಗೆ, ಕಾಡುಪ್ರಾಣಿಗಳಿಂದ ಬೆಳೆ ಹಾಳಾಗಿದ್ದಕ್ಕೆ ಪರಿಹಾರ ಕೇಳಿ ಮೆರವಣಿಗೆ ಮಾಡಬೇಕು ಅಂತ ಕೆಲವು ಹೆಂಗಸರು ಅರ್ಜಿ ಹಿಡಿದುಕೊಂಡು ಹೋದರು. ನಾನೂ ಜೊತೆಗಿದ್ದೆ. ರೈಟರ್ ಅರ್ಜಿ ತೆಗೆದುಕೊಂಡರು, ಓದಿದರು, "ಸಾಹೇಬರು ಬರಲಿ" ಅಂದರು. ಸ್ವೀಕೃತಿ ಕೇಳಿದರೆ "ಅದೆಲ್ಲ ಯಾಕಮ್ಮಾ, ನಾವೇನು ಇಲ್ಲ ಅಂದ್ವಾ?" ಇಲ್ಲ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಮೆರವಣಿಗೆಯ ಹಿಂದಿನ ದಿನ ಸಂಜೆ ಫೋನ್ ಬಂತು. ಮೈಕ್ ಇಲ್ಲ, ಮುಖ್ಯರಸ್ತೆ ಇಲ್ಲ, ಐವತ್ತು ಜನರ ಮೇಲೆ ಇಲ್ಲ, ಏನಾದರೂ ಆದರೆ ನಾವೇ ಹೊಣೆ ಅಂತ ಮುಚ್ಚಳಿಕೆ ಬರೆದುಕೊಡಿ. ಗುಂಪಿನಲ್ಲಿ ಹಿರಿಯರೊಬ್ಬರು ಇದ್ದರು. "ತಮ್ಮಾ, ಹಂದಿ ಬಂದರೆ ಅದಕ್ಕೂ ನಾವೇ ಹೊಣೆನಾ?" ಅಂತ ಕೇಳಿದರು. ಆ ಕಡೆಯಿಂದಲೂ ನಗು ಕೇಳಿಸಿತು. ಷರತ್ತು ಮಾತ್ರ ಕಮ್ಮಿಯಾಗಲಿಲ್ಲ.

ಲಿಖಿತವಾಗಿ ನಿರಾಕರಿಸಿದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬಾಯಿಮಾತಿನ ತೂಗಾಟವನ್ನು ಪ್ರಶ್ನಿಸುವುದು ಕಷ್ಟ. ಅದು ಅವರಿಗೂ ಗೊತ್ತು. ಹಾಗಾಗಿ ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿ, ಎಸ್‌ಪಿ ಕಚೇರಿಗೆ ಒಂದು ಪ್ರತಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಬೇಜಾರಿನ ಕೆಲಸ, ನಿಜ.

ಈ ಅನುಮತಿಯ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ 1972ರಲ್ಲೇ ತೀರ್ಮಾನವಾಗಿದೆ. ಅಹಮದಾಬಾದಿನ ಹಿಮತ್‌ಲಾಲ್ ಶಾ ಸಾರ್ವಜನಿಕ ಸಭೆಗೆ ಅನುಮತಿ ಕೇಳಿದ್ದರು, ಪೊಲೀಸರು ಕೊಡಲಿಲ್ಲ. ಐದು ನ್ಯಾಯಮೂರ್ತಿಗಳ ಪೀಠ ಏನೆಂದಿತು ಅಂದರೆ, ಸಾರ್ವಜನಿಕ ಬೀದಿಯಲ್ಲಿ ಸಭೆ ನಡೆಸುವುದನ್ನು ಸರ್ಕಾರ ನಿಯಂತ್ರಿಸಬಹುದು, ಆದರೆ ಯಾವ ಮಾನದಂಡವೂ ಇಲ್ಲದೆ ಅಧಿಕಾರಿಯ ಮರ್ಜಿಗೆ ಬಿಡುವ ನಿಯಮ ನಿಲ್ಲುವುದಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 1962ರಲ್ಲಿ, ಬಿಹಾರದ ಸರ್ಕಾರಿ ನೌಕರರ ಕೇಸಿನಲ್ಲಿ ಶಾಂತಿಯುತ ಪ್ರದರ್ಶನವೂ ಅಭಿಪ್ರಾಯ ಹೇಳುವ ಒಂದು ಬಗೆಯೇ ಅಂತ ಒಪ್ಪಿಕೊಂಡಿತ್ತು. ಮುಷ್ಕರ ಮಾಡುವುದು ಮಾತ್ರ ಮೂಲಭೂತ ಹಕ್ಕಲ್ಲ ಅಂದಿತ್ತು.

ಬೆಂಗಳೂರಿನಲ್ಲಿ ಈಗ ಇನ್ನೊಂದು ಬಗೆಯ ನಿರ್ಬಂಧ ಇದೆ. 2021ರ ಆದೇಶದ ಪ್ರಕಾರ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲೇ ಆಗಬೇಕು. ತಾಳಗುಪ್ಪದ ರಾತ್ರಿ ರೈಲು ಹತ್ತಿ ರಾಜಧಾನಿಗೆ ಹೋಗುವ ನಮ್ಮವರು ವಿಧಾನಸೌಧದ ಕನಸು ಬಿಟ್ಟು ಸೀದಾ ಅಲ್ಲಿಗೆ ಹೋಗುತ್ತಾರೆ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಇಟ್ಟಿದ್ದ ಜಾಗ. ಈಗ ಅಲ್ಲಿ ನಾವೇ ಅನುಮತಿ ಪಡೆದು ಒಳಗೆ ಹೋಗಿ ಕೂರುತ್ತೇವೆ.

ರಸ್ತೆ ತಡೆಯ ಬಗ್ಗೆ ನನ್ನ ಅಭಿಪ್ರಾಯ ನಿಮ್ಮಲ್ಲಿ ಕೆಲವರಿಗೆ ಹಿಡಿಸಲಿಕ್ಕಿಲ್ಲ. 2020ರ ಅಕ್ಟೋಬರ್‌ನಲ್ಲಿ ದೆಹಲಿಯ ಶಾಹೀನ್ ಬಾಗ್‌ನಲ್ಲಿ ಪೌರತ್ವ ಕಾಯ್ದೆಯ ವಿರುದ್ಧ ರಸ್ತೆಯಲ್ಲಿ ನಡೆದಿದ್ದ ಧರಣಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್, ಪ್ರತಿಭಟನೆ ಹಕ್ಕು ನಿಜ, ಆದರೆ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಅಂದಿತು. ಆ ತೀರ್ಪನ್ನು ಟೀಕಿಸುವವರು ಬಹಳ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ. ಆದರೆ ಮಲೆನಾಡಿನಲ್ಲಿ ಕೂತು ನೋಡಿದರೆ ನನಗೆ ಬೇರೆ ಕಾಣುತ್ತದೆ. ನಮಗಿರುವ ದೊಡ್ಡ ರಸ್ತೆ ಅಂದರೆ ಹೊನ್ನಾವರ ರಸ್ತೆ. ಮಳೆಗಾಲದಲ್ಲಿ ಮರ ಬಿದ್ದರೇ ದಿನಗಟ್ಟಲೆ ಪರದಾಡುತ್ತೇವೆ. ಹೆರಿಗೆ ಕೇಸು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾದರೆ ಸುತ್ತಿ ಹೋಗುವ ಸುಲಭದ ದಾರಿ ಇಲ್ಲ. ಇಲ್ಲಿ ಗಂಟೆಗಟ್ಟಲೆ ರಸ್ತೆ ತಡೆದರೆ ಪೆಟ್ಟು ಬೀಳುವುದು ಡಿಸಿಗಲ್ಲ, ಆಂಬುಲೆನ್ಸಿನಲ್ಲಿ ಮಲಗಿದವರಿಗೆ.

ಕಾನೂನಿನ ಅಪಾಯವೂ ಅಲ್ಲೇ ಜಾಸ್ತಿ. ಊರಿನ ರಸ್ತೆಗೆ ಅಡ್ಡಿಯಾದರೆ ದಂಡದ ಕೇಸು. ರಾಷ್ಟ್ರೀಯ ಹೆದ್ದಾರಿಯಾದರೆ 1956ರ ಹೆದ್ದಾರಿ ಕಾಯ್ದೆಯ 8ಬಿ ಸೆಕ್ಷನ್ ಹಾಕುತ್ತಾರೆ, ಐದು ವರ್ಷದವರೆಗೆ ಶಿಕ್ಷೆ. ಆ ಸೆಕ್ಷನ್ ಇರುವುದು ಹೆದ್ದಾರಿಗೆ ಹಾನಿ ಮಾಡಿ ಓಡಾಡಲಾಗದ ಹಾಗೆ ಮಾಡುವವರಿಗೆ. ಕಂಬಳಿ ಹಾಸಿ ಕೂತವರಿಗೆ ಅದು ಅನ್ವಯಿಸುತ್ತದೆಯೇ ಅಂತ ವಾದ ಮಾಡಬಹುದು, ಮಾಡುತ್ತೇವೆ. ಆದರೆ ವಾದ ಮಾಡುವ ದಿನ ಬರುವವರೆಗೆ ಕೇಸು ನಿಮ್ಮ ಹೆಸರಲ್ಲೇ ಇರುತ್ತದೆ. ರೈಲು ಹಳಿಯ ಮೇಲೆ ಕೂತರೆ ರೈಲ್ವೆ ಕಾಯ್ದೆಯ 174, ಎರಡು ವರ್ಷದವರೆಗೆ.

ಬಂದ್ ವಿಷಯ ಚಿಕ್ಕದು. ಬಲವಂತದ ಬಂದ್ ಸಂವಿಧಾನಕ್ಕೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂಗಡಿಯವರು ತಾವಾಗಿಯೇ ಬಾಗಿಲು ಹಾಕಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಶರಾವತಿ ನೀರು ಒಯ್ಯುವ ಯೋಜನೆ ಬಂದಾಗ, 2019ರ ಜುಲೈನಲ್ಲಿ, ಜಿಲ್ಲೆ ಬಂದ್ ಆಗಿತ್ತಲ್ಲ, ಅದಕ್ಕೆ ಬಲ ಬಂದಿದ್ದು ಬಾಗಿಲು ಹಾಕಿಸಿದವರಿಂದಲ್ಲ, ಹಾಕಿದವರಿಂದ.

ಮಾತಿನ ಮೇಲೂ ಕೇಸು ಬೀಳುತ್ತದೆ. 2021ರ ಮಾರ್ಚ್ 20ರಂದು ಶಿವಮೊಗ್ಗದಲ್ಲಿ ರೈತ ಮಹಾಪಂಚಾಯತ್ ನಡೆಯಿತು. ಉತ್ತರ ಪ್ರದೇಶದ ರೈತ ನಾಯಕ ರಾಕೇಶ್ ಟಿಕಾಯತ್ ಬಂದಿದ್ದರು. ದೆಹಲಿಯ ಹಾಗೆ ಬೆಂಗಳೂರನ್ನೂ ಟ್ರ್ಯಾಕ್ಟರುಗಳಿಂದ ಸುತ್ತುವರಿಯಿರಿ ಅಂತ ಕರೆ ಕೊಟ್ಟರು. ಪ್ರಚೋದನೆ ಅಂತ ಅವರ ಮೇಲೆ ಶಿವಮೊಗ್ಗದಲ್ಲೇ ಎಫ್‌ಐಆರ್ ಆಯಿತು. ಟ್ರ್ಯಾಕ್ಟರ್ ತನ್ನಿ ಅನ್ನುವುದು ಗಲಭೆ ಎಬ್ಬಿಸಿ ಅಂದ ಹಾಗೆಯೇ? ನನಗೆ ಹಾಗೆ ಅನಿಸುವುದಿಲ್ಲ. ಟಿಕಾಯತ್ ಅಂಥವರು ಇದನ್ನೆಲ್ಲ ನಿಭಾಯಿಸುತ್ತಾರೆ. ಅವರ ಹಿಂದೆ ಸಂಘಟನೆ ಇದೆ, ವಕೀಲರಿದ್ದಾರೆ. ಶರಾವತಿ ಹಿನ್ನೀರಿನಾಚೆಯ ತುಮರಿಯಿಂದ ಬಂದ ರೈತನಿಗೆ ಏನಿದೆ?

ಅವನ ಕಥೆ ಕೋರ್ಟಿನ ವರಾಂಡದಲ್ಲಿ ನಡೆಯುತ್ತದೆ. ಪ್ರತಿಭಟನೆಯ ದಿನ ವ್ಯಾನ್ ಹತ್ತಿದ, ಡಿಎಆರ್ (ಜಿಲ್ಲಾ ಸಶಸ್ತ್ರ ಪೊಲೀಸ್) ಮೈದಾನದಲ್ಲಿ ಚಿತ್ರಾನ್ನ ತಿಂದ, ಸಂಜೆ ಬಿಟ್ಟರು. ಮರುದಿನ ಪೇಪರಲ್ಲಿ ಫೋಟೊ ಬಂತು, ಎಲ್ಲ ಮುಗಿಯಿತು ಅಂದುಕೊಂಡ. ಎರಡು ಮಳೆಗಾಲ ಕಳೆದ ಮೇಲೆ ಸಮನ್ಸ್ ಬರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೇ ವಾಯಿದೆ ಬೀಳುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂದು ಮಧ್ಯಾಹ್ನದವರೆಗೆ ಕೂತರೆ "ಆರೋಪಿ 4 ಗೈರು, ಕೇಸು ಮುಂದಕ್ಕೆ." ನಾಲ್ಕನೆಯ ಆರೋಪಿ ತೀರಿಕೊಂಡು ವರ್ಷವಾಗಿರುತ್ತದೆ, ಅದರ ದಾಖಲೆ ಬರಬೇಕು. ಒಂದು ವಾಯಿದೆ ತಪ್ಪಿದರೆ ವಾರಂಟ್. ಜಾಮೀನಿಗೆ ಪಹಣಿ ತರಬೇಕು. ಶಿಕ್ಷೆ ಆಗುವುದು ಅಪರೂಪ. ಈ ಓಡಾಟವೇ ಶಿಕ್ಷೆ. ಮುಂದಿನ ಸಲ ಧರಣಿಗೆ ಕರೆದರೆ ಅವನ ಮನೆಯವರೇ ಕಳಿಸುವುದಿಲ್ಲ.

ಸರ್ಕಾರ ಬಯಸಿದರೆ ಕೇಸು ಹಿಂಪಡೆಯಬಹುದು. ಪ್ರತಿ ಸರ್ಕಾರವೂ ತನ್ನವರು ಅನಿಸಿದವರ ಕೇಸುಗಳನ್ನು ಪಟ್ಟಿ ಮಾಡುತ್ತದೆ. 2024ರ ಅಕ್ಟೋಬರ್‌ನಲ್ಲಿ 43 ಕೇಸು ಹಿಂಪಡೆಯುವ ಆದೇಶ ಆಯಿತು. 2025ರ ಮೇನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅದರಲ್ಲಿ ಹುಬ್ಬಳ್ಳಿ ಗಲಭೆಯ ಕೇಸೂ ಇತ್ತು. ಕಲ್ಲು ತೂರಿದ ಕೇಸನ್ನೂ ಸುಮ್ಮನೆ ಕೂತವರ ಕೇಸನ್ನೂ ಒಂದೇ ಚೀಲಕ್ಕೆ ತುಂಬಿದರೆ ಕೋರ್ಟ್ ಚೀಲವನ್ನೇ ವಾಪಸ್ ಕಳಿಸುತ್ತದೆ. ನಷ್ಟ ಯಾರಿಗೆ ಅಂತ ನಾನು ಹೇಳಬೇಕಾಗಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಸರ್, ನನ್ನ ಮೇಲೆ ಆಜ್ಞೆ ಮೀರಿದ ಕೇಸು ಇದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅವತ್ತೇ ಮುಗಿಯುತ್ತೆ ಅಂತಾರೆ. ಕಟ್ಟಲಾ?"

ಕಟ್ಟಬೇಡ ಅಂದೆ. ತಪ್ಪೊಪ್ಪಿಕೊಂಡರೆ ಅದು ಶಿಕ್ಷೆಯಾದ ಕೇಸು ಅಂತಲೇ ದಾಖಲಾಗುತ್ತದೆ. ನಾಳೆ ಸರ್ಕಾರಿ ಕೆಲಸ ಸಿಕ್ಕಾಗ ಪೊಲೀಸ್ ವೆರಿಫಿಕೇಶನ್‌ನಲ್ಲಿ ಆ ಕಾಲಂ ತುಂಬಬೇಕು. ಕೇಸು ಬಾಕಿ ಇದ್ದರೂ ಪಾಸ್‌ಪೋರ್ಟಿಗೆ ತೊಡಕಿದೆ, ಅದಕ್ಕೆ ಕೋರ್ಟಿನ ಅನುಮತಿ ತರಬೇಕಾಗುತ್ತದೆ, ಅದು ಬೇರೆ ಮಾತು. ಮೊದಲು ಚಾರ್ಜ್‌ಶೀಟಿನ ನಕಲು ತೆಗೆದುಕೊ. ಆಜ್ಞೆ ಮೀರಿದ್ದಕ್ಕೆ ಹಾಕುವ ಸೆಕ್ಷನ್ ಹಳೆಯ ದಂಡ ಸಂಹಿತೆಯ 188 ಆಗಲಿ, ಹೊಸ ನ್ಯಾಯ ಸಂಹಿತೆಯ 223 ಆಗಲಿ, ಆಜ್ಞೆ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಧಿಕಾರಿ ತಾವೇ ಲಿಖಿತ ದೂರು ಕೊಡದೆ ಕೋರ್ಟ್ ಆ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಬಹಳ ಕಡೆ ಇನ್‌ಸ್ಪೆಕ್ಟರ್ ಚಾರ್ಜ್‌ಶೀಟ್ ಹಾಕಿಬಿಡುತ್ತಾರೆ, ಡಿಸಿಯ ದೂರೇ ಇರುವುದಿಲ್ಲ. ಇದೊಂದೇ ಕಾರಣಕ್ಕೆ ನಮ್ಮ ಹೈಕೋರ್ಟ್ ಇಂಥ ಹಲವು ಕೇಸು ರದ್ದು ಮಾಡಿದೆ. ಕಾಲಮಿತಿಯನ್ನೂ ನೋಡು. ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ದೂರು ಒಂದು ವರ್ಷದೊಳಗೆ ಕೋರ್ಟಿಗೆ ಬರಬೇಕು.

"ಹೈಕೋರ್ಟಿಗೆ ಹೋಗೋಕೆ ದುಡ್ಡು?" ಅಂದ.

ಹೋಗುವ ಮೊದಲು ಇಲ್ಲಿನ ಕೋರ್ಟಿನಲ್ಲೇ ಈ ತಕರಾರು ಎತ್ತಬಹುದು. ವಕೀಲರ ಖರ್ಚಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡು. ಆದಾಯದ ಮಿತಿಯೊಳಗಿದ್ದರೆ, ಪರಿಶಿಷ್ಟರಾಗಿದ್ದರೆ, ಹೆಂಗಸರಾಗಿದ್ದರೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಮಿತಿಯ ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಹೋಗುವಾಗ ಆಧಾರ್, ಆದಾಯ ಪ್ರಮಾಣಪತ್ರ, ಸಮನ್ಸ್ ತೆಗೆದುಕೊಂಡು ಹೋಗು. ನಿಷೇಧಾಜ್ಞೆಯ ಪ್ರತಿ ಸಿಕ್ಕಿದ್ದರೆ ಅದನ್ನೂ.